ನಿಂಬೆಹಣ್ಣು ಹತ್ತಬೇಕಾದ ಕಾರು

ಹಳೇ ಕಾರು ಗ್ಯಾರೇಜಿಗೆ ಬಂದರೆ ಅದರ ಜೊತೆ ಮನೆಯವರೂ ಬರುತ್ತಾರೆ. ಆಮೇಲೆ ಏನಾದರೊಂದು ಆಗುತ್ತಲೇ ಇರುತ್ತದೆ. ವರ್ತೂರಿನಲ್ಲಿ ನನ್ನದೊಂದು ಚಿಕ್ಕ ಗ್ಯಾರೇಜು. ಶೆಡ್ಡು ಮಾತ್ರ ಊರಿನ ಯಜಮಾನರೊಬ್ಬರದು. ಈಗ ಹೇಳುವ ಕಾರೂ ಅವರದೇ. ಇದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ನನ್ನ ಶೆಡ್ಡು ಉಳಿಯುವುದು ಆ ಕಾರಿನ ಮೇಲೇ ನಿಂತಿತ್ತು.

ಆಯುಧಪೂಜೆಯಲ್ಲಿ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಗಾಡಿ ಹತ್ತಿಸುತ್ತೇವಲ್ಲ, ಹಿಂದಿನ ವರ್ಷ ಅವರ ಕಾರು ಸ್ಟಾರ್ಟೇ ಆಗದೆ ನೆಂಟರೆಲ್ಲ ಸೇರಿ ತಳ್ಳಿ ಹತ್ತಿಸಿದ್ದರು.

"ಈ ಸಲಾನೂ ತಳ್ಳಂಗಾದ್ರೆ, ಅದರ ಹಿಂದೇನೇ ನಿನ್ನ ಸಾಮಾನೂ ತಳ್ತೀನಿ ಕಣಪ್ಪ. ಟೈಲ್ಸ್ ಅಂಗಡಿಯವ್ರು ಶೆಡ್ ಕೇಳ್ತಾವ್ರೆ," ಅಂದರು ಯಜಮಾನರು, ಈ ವರ್ಷ ಹಬ್ಬಕ್ಕೆ ಮುಂಚೆ ಕಾರು ತಂದು ನಿಲ್ಲಿಸಿ.

ಬೊಟ್ಟು

ಎಂಜಿನ್ನಿನಲ್ಲಿ ದೋಷವಿದ್ದರೆ ಸ್ಟೀರಿಂಗ್ ಮುಂದೆ ಒಂದು ಹಳದಿ ದೀಪ ಹತ್ತುತ್ತದೆ. "ಹತ್ತುತ್ತಾ?" ಅಂತ ಕೇಳಿದೆ.

"ಮೊದಲು ಹತ್ತೋದು. ಈಗ ವಾಸಿಯಾಗ್ಬುಟ್ಟದೆ."

ನೋಡಿದರೆ ದೀಪದ ಮೇಲೆ ಒಂದು ದೊಡ್ಡ ಕೆಂಪು ಸ್ಟಿಕ್ಕರ್ ಬೊಟ್ಟು. ಅವರ ಮನೆಯಾಕೆ ಹಿಂದಿನ ಸೀಟಿನಿಂದಲೇ ಹೇಳಿದರು, "ಕಣ್ಣಿಗೆ ಚುಚ್ತಿತ್ತು, ಅದಕ್ಕೆ ಅಂಟಿಸ್ದೆ."

ದೀಪ ಕಾಣಿಸದಿದ್ದರೆ ದೋಷವೂ ಕಾಣಿಸುವುದಿಲ್ಲ ಎಂದು ವಿವರಿಸಿ ಬೊಟ್ಟು ಕಿತ್ತೆ. ಕಾರು ತಗೊಂಡು ಹೋದ ಯಜಮಾನರು ಸಂಜೆಯೇ ವಾಪಸ್ ಬಂದರು.

"ಸರಿಯಾಗಿದ್ದ ಗಾಡಿ. ನೀನು ಮುಟ್ಟಿದ್ಮೇಲೆ ದೀಪ ಹತ್ಕಂಡದೆ."

ರಾಹುಕಾಲ

ದೋಷ ಹುಡುಕಿದರೆ ಟೈಮಿಂಗ್ ಬೆಲ್ಟ್ ಒಂದು ಹಲ್ಲು ಜಾರಿತ್ತು. ಎಂಜಿನ್ನಿಗೆ ಮೇಲೊಂದು ಚಕ್ರ, ಕೆಳಗೊಂದು ಚಕ್ರ, ಎರಡನ್ನೂ ಒಟ್ಟಿಗೆ ತಿರುಗಿಸುವುದು ಈ ಹಲ್ಲಿನ ಬೆಲ್ಟು, ಎರಡು ಚಕ್ರಕ್ಕೂ ಒಂದೊಂದು ಗುರುತು. ಎರಡು ಗುರುತೂ ತಮ್ಮ ಜಾಗಕ್ಕೆ ಬಂದಾಗಲೇ ಬೆಲ್ಟ್ ಹಾಕಬೇಕು. ಗುರುತು ಹೊಂದಿಸಿ, ಹೊಸ ಬೆಲ್ಟ್ ಕೈಗೆ ತಗೊಂಡೆ. ಯಜಮಾನರು ಗಡಿಯಾರ ನೋಡಿದರು.

"ಈಗ ರಾಹುಕಾಲ. ಕಳೀಲಿ."

"ಯಜಮಾನ್ರೇ, ಇದು ಬರೀ ರಬ್ಬರ್ ಬೆಲ್ಟು."

"ಶೆಡ್ ಯಾರ್ದು?"

ನಾನು ಟೀ ಕುಡಿಯಲು ಹೋದೆ. ಬಂದು ನೋಡಿದರೆ ಗುರುತುಗಳು ಎಲ್ಲೆಲ್ಲೋ ಹೋಗಿದ್ದವು. ಯಜಮಾನರ ಕೈಯಲ್ಲಿ ನನ್ನ ಸ್ಪ್ಯಾನರ್ ಇತ್ತು.

"ಸುಮ್ನೆ ಕೂತು ಬೇಜಾರಾಯ್ತು. ಒಸಿ ತಿರುಗಿಸ್ದೆ."

"ಎಲ್ಲಾ ಜಾರೋಯ್ತಲ್ಲ ಯಜಮಾನ್ರೇ."

"ಅದಕ್ಕೇ ಅಲ್ವಾ ಹೇಳಿದ್ದು, ರಾಹುಕಾಲ ಒಳ್ಳೇದಲ್ಲ ಅಂತ."

ಪೂಜೆ

ಬೆಲ್ಟ್ ಸರಿಯಾಗಿ ಕೂರಿಸಿದೆ. ಆಮೇಲೆ ಕೆಟ್ಟಿದ್ದ ಒಂದು ಸೆನ್ಸರನ್ನೂ ಬದಲಾಯಿಸಿದೆ. ಬೆರಳುದ್ದದ ವಸ್ತು. ಎಂಜಿನ್ ಎಷ್ಟು ತಿರುಗಿದೆ ಎಂದು ಕಾರಿನ ಕಂಪ್ಯೂಟರಿಗೆ ಹೇಳುವುದು ಅದರ ಕೆಲಸ. ಅದು ಹೇಳದಿದ್ದರೆ ಕಂಪ್ಯೂಟರ್ ಎಂಜಿನ್ನಿಗೆ ಕಿಡಿ ಕೊಡುವುದಿಲ್ಲ, ಕಿಡಿ ಇಲ್ಲದೆ ಗಾಡಿ ಇಲ್ಲ. ಇಷ್ಟನ್ನೂ ಯಜಮಾನರಿಗೆ ಬಿಡಿಸಿ ಹೇಳಿದೆ. ಅಷ್ಟು ಹೇಳಬೇಕಾಗಿರಲಿಲ್ಲ.

"ಅಂಗಾದ್ರೆ ಎಲ್ಲಾ ಇದ್ರಲ್ಲೇ ಇರೋದು," ಅಂದರು, ಚಪ್ಪಲಿ ಬಿಟ್ಟು ಹತ್ತಿರ ಬಂದು.

ಹಬ್ಬದ ಬೆಳಿಗ್ಗೆ ನಾನೇ ಸ್ಟಾರ್ಟ್ ಮಾಡಿ ನೋಡಿ, ಅವರ ಮನೆ ಮುಂದೆ ನಿಲ್ಲಿಸಿದೆ. ಬಾಳೆಕಂದು ಕಟ್ಟಿದರು, ಬೂದುಗುಂಬಳ ಒಡೆದರು, ನಾಲ್ಕು ನಿಂಬೆಹಣ್ಣು ಇಟ್ಟರು. ಯಜಮಾನರು ಕೀಲಿ ತಿರುಗಿಸಿದರು. ಕಾರು ಕೆಮ್ಮಿತು, ಸ್ಟಾರ್ಟ್ ಆಗಲಿಲ್ಲ. ಮತ್ತೆ ತಿರುಗಿಸಿದರು. ಹಿಂದಿನ ವರ್ಷದ ಅನುಭವವಿದ್ದ ನೆಂಟರು ಯಾರೂ ಹೇಳದೆಯೇ ಪಂಚೆ ಎತ್ತಿ ಕಟ್ಟಿ ಕಾರಿನ ಹಿಂದೆ ಹೋಗಿ ನಿಂತರು.

ನಾನು ಬಾನೆಟ್ ತೆಗೆದೆ. ಸೆನ್ಸರಿನ ವೈರು ಬಿಚ್ಚಿಕೊಂಡಿತ್ತು. ವೈರಿನ ತುದಿಯ ತೂತುಗಳಲ್ಲಿ ಅರಿಶಿನ, ಅದರ ಮೇಲೆ ಕುಂಕುಮ, ಸೆನ್ಸರಿನ ತಲೆಗೆ ಒಂದು ಸೇವಂತಿಗೆ.

"ಇದನ್ನ ಬಿಚ್ಚಿದ್ದು ಯಾರು?"

"ನಾನೇಯ," ಅಂದರು ಯಜಮಾನರು. "ಬಾಗ್ಲು ಹಾಕಿರೋ ಗುಡೀಲಿ ಪೂಜೆ ಮಾಡಕಾಯ್ತದಾ?"

ಅರಿಶಿನ ಕುಂಕುಮ ಒರೆಸಿ, ವೈರು ಸಿಕ್ಕಿಸಿದೆ. ಹೂವನ್ನು ಅಲ್ಲೇ ಬಿಟ್ಟೆ. ಅದರಿಂದ ತೊಂದರೆ ಇರಲಿಲ್ಲ. ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಗಿ, ನಾಲ್ಕು ನಿಂಬೆಹಣ್ಣನ್ನೂ ತುಳಿದು ಮುಂದೆ ಹೋಗಿ ನಿಂತಿತು. ನೆಂಟರು ಸ್ವಲ್ಪ ನಿರಾಸೆಯಿಂದಲೇ ಪಂಚೆ ಇಳಿಸಿದರು.

ಆದರೆ ಹಳದಿ ದೀಪ ಹತ್ತಿತ್ತು. ವೈರು ಬಿಚ್ಚಿದ್ದನ್ನು ಕಂಪ್ಯೂಟರ್ ನೆನಪಿಟ್ಟುಕೊಂಡಿರುತ್ತದೆ, ಆ ನೆನಪನ್ನು ಅಳಿಸಿದರೆ ದೀಪ ಹೋಗುತ್ತದೆ. ಅದನ್ನು ವಿವರಿಸಲು ಕಿಟಕಿಯ ಹತ್ತಿರ ಹೋಗಿ ಬಾಯಿ ತೆರೆದೆ. ಯಜಮಾನರು ನನ್ನನ್ನೂ ದೀಪವನ್ನೂ ನೋಡಿದರು. ಆಮೇಲೆ ನನ್ನ ಶೆಡ್ಡಿನ ದಿಕ್ಕಿಗೆ ನೋಡಿದರು.

ಅಷ್ಟರಲ್ಲಿ ಮನೆಯಾಕೆ ಪರ್ಸಿನಿಂದ ಹೊಸ ಬೊಟ್ಟಿನ ಹಾಳೆ ತೆಗೆದು ನನ್ನ ಕೈಗೆ ಕೊಟ್ಟರು.

"ಈ ಸಲ ನೀನೇ ಅಂಟಿಸಪ್ಪ. ನಾನು ಅಂಟಿಸಿದ್ರೆ ನೀನು ಕಿತ್ತಾಕ್ತೀಯ."

ಅಂಟಿಸಿದೆ. ಶೆಡ್ಡು ಈಗಲೂ ನನ್ನ ಹತ್ತಿರವೇ ಇದೆ.