ಡಿಷ್‌ವಾಷರ್ ಸಂಶೋಧನೆಯೂ ನನ್ನ ಕೊರಳಿನ ನೀಲಿ ಹುರಿಯೂ

ನನ್ನ ಹೆಂಡತಿ ಮಾರ್ಲಿಸ್‌ಳ ಕೊರಳಿಗೆ ಎರಡು ಹುರಿ ಬಂದಿದ್ದವು. ನನ್ನ ಕೊರಳು ಬೋಳು. ನನ್ನ ಸಂಕಟವೆಲ್ಲ ಇಷ್ಟೇ. ಹುರಿಗೆ ಕೊರಳೊಡ್ಡಲು ಇಷ್ಟು ಹಾತೊರೆದ ಗಂಡಸು ಮಿನೆಸೋಟಾದಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ.

ಜೀವಮಾನವೆಲ್ಲ ನಾನು ಹಿಮ ತುಳಿದುಕೊಂಡು ಮನೆಮನೆಗೆ ಅಂಚೆ ಹಂಚಿದವನು. ಮಾರ್ಲಿಸ್ ಶಾಲೆಯ ಬಸ್ಸು ಓಡಿಸಿದವಳು. ನಿವೃತ್ತರಾದ ಮೇಲೆ ಇಬ್ಬರೂ ಊರಿನ ವಿಶ್ವವಿದ್ಯಾಲಯ ಸೇರಿದೆವು. ಒಂದೇ ಕಾರು, ಒಂದೇ ಬುತ್ತಿ, ಒಂದೇ ಬೆಂಚು. ಮೇ ತಿಂಗಳಲ್ಲಿ ಕಪ್ಪು ನಿಲುವಂಗಿ ತೊಟ್ಟು ಜೊತೆಯಾಗಿಯೇ ಪದವಿ ಪಡೆಯಬೇಕು. ಅಷ್ಟರಲ್ಲಿ ಮಾರ್ಲಿಸ್‌ಳ ಅಂಕಗಳು ಉಕ್ಕಿ ಹರಿದು ವಿದ್ವತ್ ಸಂಘ ಅವಳನ್ನು ಕರೆಯಿತು. ಅದರ ಬೆನ್ನಿಗೇ ಸಂಶೋಧನಾ ಸಂಘವೂ ಕರೆಯಿತು. ಎರಡಕ್ಕೂ ಗ್ರೀಕ್ ಅಕ್ಷರಗಳ ಹೆಸರು (ಹೇಳಲು ಹೋದರೆ ಸೀನು ಬಂದಂತಾಗುತ್ತದೆ). ಸದಸ್ಯರಿಗೆ ಗೌರವದ ಗುರುತಾಗಿ ಒಂದು ಸಂಘ ಕೊಡುವುದು ಹೊಂಬಣ್ಣದ ಹುರಿ, ಇನ್ನೊಂದು ನೀಲಿ. ಪದವಿಯ ದಿನ ಅವನ್ನು ನಿಲುವಂಗಿಯ ಮೇಲೆ ಇಳಿಬಿಟ್ಟು ಅವಳು ಗೆದ್ದ ಕುದುರೆಯ ಹಾಗೆ ನಡೆಯುತ್ತಾಳೆ. ಪಕ್ಕದಲ್ಲಿ ನಾನು, ಕುದುರೆಗೆ ಹುಲ್ಲು ಹಾಕುವವನ ಹಾಗೆ!

"ವಿದ್ವತ್ ಸಂಘದ ಆಸೆ ಬಿಟ್ಬಿಡು ವರ್ನ್," ಎಂದಳು ಮಾರ್ಲಿಸ್. "ನಿನ್ನ ರಸಾಯನಶಾಸ್ತ್ರದ ಅಂಕ ನೋಡಿದ್ರೆ ಅವ್ರು ಬಾಗಿಲಿಗೆ ಇನ್ನೊಂದು ಚಿಲಕ ಹಾಕಿಸ್ತಾರೆ. ಸಂಶೋಧನಾ ಸಂಘ ಹಾಗಲ್ಲ. ಸ್ವಂತದ್ದೊಂದು ಪ್ರಯೋಗ ಮಾಡಿ, ಪೋಸ್ಟರ್ ಹಾಕಿ, ಎಲ್ಲರೆದುರು ವಿವರಿಸ್ಬೇಕು. ಒಬ್ಬ ಪ್ರಾಧ್ಯಾಪಕರು, ಒಬ್ಬ ಸದಸ್ಯರು ಶಿಫಾರಸು ಮಾಡ್ಬೇಕು."

"ಸದಸ್ಯರು ಅಂತ ನಂಗ್ಯಾರು ಗೊತ್ತು?"

"ಸರಿಯಾಗಿ ನಡ್ಕೊಂಡ್ರೆ ನಾನೇ ಮಾಡ್ಬಹುದಪ್ಪ."

ಹೀಗೆನ್ನುತ್ತಲೇ ಅವಳು ಡಿಷ್‌ವಾಷರಿನ ಬಾಗಿಲು ತೆಗೆದು, ನಾನು ಆಗಷ್ಟೇ ಜೋಡಿಸಿಟ್ಟಿದ್ದ ತಟ್ಟೆಗಳನ್ನೆಲ್ಲ ಹೊರಗೆಳೆದು, ಮೊದಲಿನಿಂದ ಜೋಡಿಸತೊಡಗಿದಳು. ಇದು ನಮ್ಮ ದಾಂಪತ್ಯದಷ್ಟೇ ಹಳೆಯ ಮಹಾಯುದ್ಧ. ನನ್ನದು ಅಂಚೆ ಚೀಲ ತುಂಬಿದ ಕೈ. ತಟ್ಟೆಗೆ ತಟ್ಟೆ ಅಂಟಿರಬೇಕು, ಬಟ್ಟಲಿನೊಳಗೆ ಬಟ್ಟಲು ಕೂತಿರಬೇಕು, ಮಧ್ಯೆ ಗಾಳಿಗೂ ದಾರಿ ಇರಬಾರದು. ಅವಳದು ಬಸ್ಸಿನಲ್ಲಿ ಮಕ್ಕಳನ್ನು ಕೂರಿಸಿದ ಕೈ. "ಪಾಪ, ಒತ್ತಬೇಡ. ಅವಕ್ಕೂ ಉಸಿರಾಡೋಕೆ ಜಾಗ ಬೇಕು," ಎನ್ನುತ್ತಾಳೆ. ತಟ್ಟೆಗಳಿಗೆ!

ನನ್ನ ತಲೆಯಲ್ಲಿ ದೀಪ ಹೊತ್ತಿತು.

"ಮಾರ್ಲಿಸ್! ಸಿಕ್ತು! ನನ್ನ ಸಂಶೋಧನೆ ಇದೇ! ಯಾರ ಪದ್ಧತಿ ಸರಿ ಅಂತ ವಿಜ್ಞಾನವೇ ಹೇಳ್ಲಿ!"

ಅವಳು ನನ್ನನ್ನೊಮ್ಮೆ, ಕೈಯಲ್ಲಿದ್ದ ತಟ್ಟೆಯನ್ನೊಮ್ಮೆ ನೋಡಿದಳು. "ಹೇಳ್ಲಿ," ಎಂದಳು. ಆ ಒಂದು ಮಾತಿನಲ್ಲಿದ್ದ ಶಾಂತಿ ನನ್ನನ್ನು ಎಚ್ಚರಿಸಬೇಕಿತ್ತು. ಎಚ್ಚರಿಸಲಿಲ್ಲ.

ನಮ್ಮ ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕಿ ರಮೋನಾ ಪ್ರೂಯಿಟ್ ವಿಷಯ ಕೇಳಿ ಕುರ್ಚಿಯಿಂದ ಎದ್ದೇಬಿಟ್ಟರು. "ಈ ಜಗಳ ನಮ್ಮನೇಲೂ ಇದೆ ವರ್ನ್! ಮಾಡಿ, ದಯವಿಟ್ಟು ಮಾಡಿ. ಆದ್ರೆ ತೀರ್ಪು ಹೇಳೋರಿಗೆ ಯಾವ ತಟ್ಟೆ ಯಾರ ಪದ್ಧತೀದು ಅಂತ ಗೊತ್ತಾಗ್ಬಾರ್ದು. ಮತ್ತೆ, ಫಲಿತಾಂಶ ಏನೇ ಬರ್ಲಿ, ಅದನ್ನೇ ಪೋಸ್ಟರಿಗೆ ಹಾಕ್ಬೇಕು."

"ಧಾರಾಳವಾಗಿ," ಎಂದೆ, ಯುದ್ಧಕ್ಕೆ ಮುಂಚೆಯೇ ಕಪ್ಪಕಾಣಿಕೆ ಮನ್ನಾ ಮಾಡುವ ಚಕ್ರವರ್ತಿಯಂತೆ.

ಆ ಚಳಿಗಾಲವೆಲ್ಲ ನಮ್ಮ ಅಡುಗೆಮನೆ ಪ್ರಯೋಗಾಲಯವಾಯಿತು. ಹೊರಗೆ ಕೆರೆ ಹೆಪ್ಪುಗಟ್ಟಿ ನಿಂತಿತ್ತು. ಒಳಗೆ ತಟ್ಟೆಗಳ ಮೇಲೆ ಚೀಸು ಹೆಪ್ಪುಗಟ್ಟುತ್ತಿತ್ತು. ಪ್ರತಿ ತಟ್ಟೆಗೂ ಒಂದೇ ಅಳತೆಯ ಕೊಳೆ ಬೇಕಲ್ಲ! ಮೊಟ್ಟೆಯ ಹಳದಿ ಲೋಳೆ, ಕಡಲೆಕಾಯಿ ಬೆಣ್ಣೆ, ಒಲೆಯಲ್ಲಿ ಬೇಯಿಸಿದ ಮಾಂಸ-ಆಲೂಗಡ್ಡೆಯ ಹಾಟ್‌ಡಿಷ್‌ನ ತಳ, ಎಲ್ಲವನ್ನೂ ಚಮಚದಲ್ಲಿ ಅಳೆದು ಬಳಿದೆ. ಒಂದು ಸಲ ನನ್ನ ಪದ್ಧತಿ, ಒಂದು ಸಲ ಅವಳ ಪದ್ಧತಿ.

"ಊಟ ಯಾವಾಗ?" ಎಂದು ಮಾರ್ಲಿಸ್ ಇಣುಕಿದಳು.

"ಇದು ಊಟ ಅಲ್ಲ, ದತ್ತಾಂಶ."

ಅವಳು ಬೆರಳಲ್ಲಿ ಸ್ವಲ್ಪ ತೆಗೆದು ನೆಕ್ಕಿ, "ದತ್ತಾಂಶಕ್ಕೆ ಉಪ್ಪು ಕಮ್ಮಿ," ಎಂದಳು.

ತೀರ್ಪುಗಾರನಾಗಿ ಪಕ್ಕದ ಮನೆಯ ಗೆಳೆಯ ಗಾರ್ಡಿಯನ್ನು ಆರಿಸಿದೆ. ನನ್ನ ಜೊತೆ ಮೀನು ಹಿಡಿಯುವವನು, ನನ್ನ ಪರ ಪ್ರಾಣ ಕೊಡುವವನು. (ಯಾರ ತಟ್ಟೆಯೆಂದು ಅವನಿಗೆ ಗೊತ್ತಿಲ್ಲದಿದ್ದರೂ, ಸ್ನೇಹಕ್ಕೊಂದು ವಾಸನೆ ಇರುತ್ತದೆಂದು ನಂಬಿದ್ದೆ.) ಅವನು ತಟ್ಟೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ.

"ಇದು ಚೊಕ್ಕ. ಇದೂ ಚೊಕ್ಕ. ಇದು... ಲೋ ವರ್ನ್, ಇದ್ರಲ್ಲಿ ಇನ್ನೊಬ್ಬನ ತಿಂಡಿ ಆಗುತ್ತಲ್ಲೋ!"

ಅದು ನನ್ನ ತಟ್ಟೆ. ಮುಂದಿನದೂ ನನ್ನದೇ. ಸಾಬೂನು ಬದಲಿಸಿದೆ, ನೀರು ಬಿಸಿ ಮಾಡಿದೆ, ಗಾರ್ಡಿಯ ಕನ್ನಡಕ ಒರೆಸಿಕೊಟ್ಟೆ. ಮೊಟ್ಟೆ ನನ್ನ ತಟ್ಟೆಗಳನ್ನು ಬಿಟ್ಟು ಕದಲಲಿಲ್ಲ. ಮಾರ್ಲಿಸ್‌ಳ ತಟ್ಟೆಗಳು ಹುಣ್ಣಿಮೆಯ ಚಂದ್ರನ ಹಾಗೆ ಹೊಳೆದವು.

ಅವಳು 'ಗೆದ್ದೆ' ಎನ್ನಲಿಲ್ಲ, ಬರೀ ಗುನುಗಿದಳು. ಮಾತಾಡಿದ್ದರೆ ಜಗಳವಾಡಬಹುದಿತ್ತು. ಗುನುಗಿಗೆ ಏನೆಂದು ಉತ್ತರ ಕೊಡಲಿ?

"ಮುಗೀತು," ಎಂದು ಕುಸಿದು ಕೂತೆ. "ಸೋತವನಿಗೆ ಯಾರು ಹುರಿ ಕೊಡ್ತಾರೆ? ಗಾರ್ಡಿ ಹೇಳಿದ್ದನ್ನ ಚೂರು ತಿರುಗಿಸಿ ಬರೆದ್ರೆ..."

ಗುನುಗು ನಿಂತಿತು. ಅವಳು ಬಂದು ನನ್ನ ಪಕ್ಕ ಕೂತಳು.

"ವರ್ನ್, ಹಾಗೆ ಬರೆದ್ರೆ ನಾನು ಶಿಫಾರಸು ಮಾಡಲ್ಲ. ಇದ್ದದ್ದನ್ನ ಇದ್ದ ಹಾಗೆ ಹಾಕು, ಎರಡೂ ಕೈಯಿಂದ ಮಾಡ್ತೀನಿ."

ಹಾಕಿದೆ. ಪೋಸ್ಟರ್ ಪ್ರದರ್ಶನದ ದಿನ ನನ್ನ ಒಂದು ಪಕ್ಕದಲ್ಲಿ ವಂಶವಾಹಿಗಳು, ಇನ್ನೊಂದು ಪಕ್ಕದಲ್ಲಿ ಕರಗುವ ಹಿಮನದಿಗಳು. ಮಧ್ಯೆ 'ನನ್ನ ಪದ್ಧತಿಯ ಸೋಲು' ಎಂಬ ಪೋಸ್ಟರಿನಡಿ ಹೊಸ ಟೈ ಕಟ್ಟಿದ ನಾನು. ಹಿಮನದಿ ಕೇಳುವವರಿಲ್ಲ! ಹೆಂಗಸರು ಗಂಡಂದಿರನ್ನು ತೋಳು ಹಿಡಿದು ಎಳೆತಂದರು. "ಓದಿ. ಜೋರಾಗಿ ಓದಿ." ಬೋಳುತಲೆಯ ಡೀನ್ ಮಹಾಶಯರು ನಕ್ಷೆಯ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ಫೋನು ತೆಗೆದು, ಮೂಲೆಗೆ ಹೋಗಿ, "ಹಲೋ... ನೀನು ಹೇಳಿದ್ದೇ ಸರಿ ಕಣೆ," ಎಂದದ್ದು ನನಗೇ ಕೇಳಿಸಿತು.

ಎರಡು ವಾರಕ್ಕೆ ಸಂಘದ ಕರೆ ಬಂತು! ತಮ್ಮ ವಿರುದ್ಧವೇ ಸಾಕ್ಷಿ ನುಡಿದ ಪ್ರಾಮಾಣಿಕತೆಗಾಗಿ, ಎಂದಿದ್ದರು. ನಾನು ಅಂಗಳದ ಹಿಮದಲ್ಲಿ ಕುಣಿದೆ. ಗಾರ್ಡಿಯೂ ಕುಣಿದ, ಯಾಕೆಂದು ಕೇಳದೆ.

ದೀಕ್ಷೆಯ ಸಂಜೆ ಸಭಾಂಗಣದ ದೀಪಗಳನ್ನು ಆರಿಸಿದರು. ಹಳೆಯ ಸದಸ್ಯರು ತಮ್ಮ ಮೇಣದ ಬತ್ತಿಯಿಂದ ಹೊಸಬರದನ್ನು ಹೊತ್ತಿಸುವುದು ಪದ್ಧತಿ. ನನ್ನದನ್ನು ಹೊತ್ತಿಸಲು ಮಾರ್ಲಿಸ್ ಬಂದಳು. ಆ ಬೆಳಕಿನಲ್ಲಿ ಅವಳ ಮುಖದ ಸುಕ್ಕುಗಳೆಲ್ಲ ಮೆತ್ತಗಾಗಿ, ಮೊದಲ ಸಲ ನಾನು ಅವಳ ಮನೆಗೆ ಕಾಗದ ತಂದುಕೊಟ್ಟಾಗ ಬಾಗಿಲು ತೆರೆದ ಹುಡುಗಿಯಾಗಿಬಿಟ್ಟಳು. ಅವಳ ಜ್ವಾಲೆ ನನ್ನದನ್ನು ಮುಟ್ಟಿತು. ಎಲ್ಲರೊಡನೆ ನಾನೂ ಗಟ್ಟಿಯಾಗಿ ಪ್ರತಿಜ್ಞೆ ಮಾಡಿದೆ: "ಸತ್ಯ ಎಲ್ಲಿಗೆ ಕರೆದರೂ ಅಲ್ಲಿಗೆ ಹೋಗುತ್ತೇನೆ. ಶ್ರಮಕ್ಕೆ ಹಿಂಜರಿಯುವುದಿಲ್ಲ." ನೀಲಿ ಹುರಿ ಕೊರಳಿಗೆ ಬಿತ್ತು. ಎದೆ ಹಿಗ್ಗಿ ಹೊಸ ಟೈ ಬಿಗಿಯಾಯಿತು.

"ಹೊಸ ಸದಸ್ಯರ ಕೆಲಸದ ಬಗ್ಗೆ ಯಾರಾದ್ರೂ ಏನಾದ್ರೂ ಹೇಳೋದಿದ್ಯಾ?" ಎಂದರು ಪ್ರೂಯಿಟ್.

ಮಾರ್ಲಿಸ್ ಎದ್ದು ನಿಂತಳು. "ಒಂದು ಸಣ್ಣ ಅನುಮಾನ. ಇದು ಒಂದೇ ಮನೇಲಿ ಮಾಡಿದ ಪ್ರಯೋಗ. ಒಂದೇ ಮನೆ ನೋಡಿ ಸತ್ಯ ಅನ್ನೋಕಾಗುತ್ತಾ? ಬೇರೆ ಬೇರೆ ಮನೆಗಳಲ್ಲೂ ಮಾಡಿ ನೋಡ್ಬೇಕಲ್ವೇ?"

"ಬಹಳ ಸರಿಯಾದ ಮಾತು!" ಪ್ರೂಯಿಟ್ ಚಪ್ಪಾಳೆ ತಟ್ಟಿದರು. "ಯಾರ್ಯಾರ ಮನೆ ಸಿಗುತ್ತೆ?"

ಕತ್ತಲಲ್ಲಿ ಮೇಣದ ಬತ್ತಿಗಳು ಒಂದೊಂದಾಗಿ ಮೇಲೇರಿದವು. ಸಾಲುಸಾಲಾಗಿ ಏರಿದವು. ಬೇಸಿಗೆಯ ರಾತ್ರಿ ಹೊಲದ ಮೇಲೆ ಮಿಂಚುಹುಳು ಏಳುವ ಹಾಗೆ ಚೆಂದವಾಗಿ, ಇಡೀ ಸಭಾಂಗಣವೇ ಎದ್ದಿತು. ಪ್ರತಿಜ್ಞೆ ಮಾಡಿ ಇನ್ನೂ ತುಟಿ ಒಣಗಿರಲಿಲ್ಲ. ಒಲ್ಲೆ ಎನ್ನುವುದು ಹೇಗೆ?

ಹೀಗಾಗಿ ಈಗ ಸಂಜೆಯಾದರೆ ಒಂದೊಂದು ಮನೆಗೆ ಹೋಗಿ, ಅಂಗಿಯ ತೋಳು ಮಡಚಿ ಪಾತ್ರೆ ಜೋಡಿಸುತ್ತೇನೆ. ಮಾರ್ಲಿಸ್ ಆ ಮನೆಯ ಹೆಂಗಸರ ಜೊತೆ ಕಾಫಿ ಕುಡಿಯುತ್ತಾ ಮೇಲ್ವಿಚಾರಣೆ ಮಾಡುತ್ತಾಳೆ. ಇವತ್ತು ಪ್ರೂಯಿಟ್ ಅವರ ಸರದಿ. ನಿನ್ನೆ ಅವರಲ್ಲಿ ಮೊಮ್ಮಗಳ ಹುಟ್ಟುಹಬ್ಬವಿತ್ತಂತೆ, ಊರಿಗೂರೇ ಬಂದಿತ್ತಂತೆ. ಒಂದು ಪಾತ್ರೆಯನ್ನೂ ಅವರು ಮುಟ್ಟಿಲ್ಲವಂತೆ, ವಿಜ್ಞಾನದ ಮೇಲಿನ ಗೌರವದಿಂದ.