ಕೆಮಿಸ್ಟ್ರಿಗೆ ಲಕ್ಷ ಬತ್ತಿ

ಮುಳಬಾಗಲಿನಲ್ಲಿ ಹುಡುಗರಿಗೆ ಸೈನ್ಸ್ ಹೇಳಿಕೊಡುತ್ತಿದ್ದ ಕೋದಂಡರಾಮಪ್ಪ ಮೇಷ್ಟ್ರು ಕಾರ್ತಿಕ ಮಾಸದ ಒಂದು ಭಾನುವಾರ ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು, ಮೀಸೆ ಒರೆಸಿಕೊಂಡು, ಒಂದು ಘನವಾದ ತೀರ್ಮಾನ ಪ್ರಕಟಿಸಿದರು.

"ಇವತ್ತಿನಿಂದ ಈ ಮನೇಲಿ ಯಾರೂ ಏನನ್ನೂ ಎಣಿಸಬೇಕಾಗಿಲ್ಲ. ಎಲ್ಲಾ ತೂಕ. ಇದು ಸಾವಿರದ ಒಂಬೈನೂರ ನಲವತ್ತನೇ ಇಸವಿ."

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರೀಲಿ ಕೊಡೆ ಹಿಡಿದನಂತೆ. ಮೇಷ್ಟ್ರಿಗೆ ಬಂದದ್ದು ಐಶ್ವರ್ಯವೂ ಅಲ್ಲ, ಸ್ಕೂಲಿನ ತಕ್ಕಡಿ. ಗಾಜಿನ ಪೆಟ್ಟಿಗೆಯೊಳಗಿನ ಆ ನಾಜೂಕಿನ ತಕ್ಕಡಿಯನ್ನು ಹೆಡ್ ಮೇಷ್ಟ್ರು ಚನ್ನರಾಯಪ್ಪನವರನ್ನು ಕೇಳಿ, ಎಳೆಮಗುವಿನಂತೆ ಎದೆಗೆ ಅವಚಿಕೊಂಡು ಮನೆಗೆ ತಂದಿದ್ದರು. ತಂದದ್ದು ಅಮ್ಮನ ಬತ್ತಿ ತೂಗುವುದಕ್ಕೆ.

ಬತ್ತಿಯ ಕಥೆ ಹಳೆಯದು. ಮಗ ಇಂಟರ್‌ಮೀಡಿಯೆಟ್ ಪರೀಕ್ಷೆಯಲ್ಲಿ ಎರಡು ಸಲ ಕೆಮಿಸ್ಟ್ರಿಯಲ್ಲಿ ಮುಗ್ಗರಿಸಿ ಬಿದ್ದಾಗ, ತಾಯಿ ದೊಡ್ಡವೆಂಕಟಮ್ಮನವರು ನಂಗಲಿ ಹತ್ತಿರದ ತಮ್ಮೂರಿನ ಈಶ್ವರನಿಗೆ ಲಕ್ಷ ಬತ್ತಿ ಹರಕೆ ಹೊತ್ತರು. ಮೂರನೇ ಸಲ ಮಗ ಪಾಸಾದ. ತಾನು ಓದಿ ಪಾಸಾದೆ ಎಂದು ಮಗ ತಿಳಿದುಕೊಂಡ. ತಾಯಿ ಮಾತಾಡದೆ ಹತ್ತಿ ಬಿಡಿಸಿ ಬತ್ತಿ ಹೊಸೆಯಲು ಕೂತರು. ಕೂತವರು ವರ್ಷಗಟ್ಟಲೆ ಹೊಸೆದರು. ನೂರು ಬತ್ತಿಯಾದರೆ ಒಂದು ಹುಣಸೆ ಬೀಜ ಗಡಿಗೆಗೆ. ಅದೇ ಅವರ ಲೆಕ್ಕ. ಈಗ ಕಣ್ಣು ಮಂಜಾಗುತ್ತ ಬಂದಿತ್ತು, ಸೊಸೆ ಶ್ಯಾಮಲಮ್ಮನೂ ಕೈ ಹಚ್ಚಿದ್ದಳು. ಈ ಕಾರ್ತಿಕದ ಕಡೇ ಸೋಮವಾರ ಲಕ್ಷ ಬತ್ತಿಯನ್ನೂ ತುಪ್ಪದಲ್ಲಿ ನೆನೆಸಿ ದೇವರ ಮುಂದೆ ಹಚ್ಚಬೇಕು. ಒಂದು ಕಮ್ಮಿಯಾದರೂ ಹರಕೆ ತೀರಿದ ಹಾಗಲ್ಲ. ಸಾಲಗಾರಳಾಗಿ ಸತ್ತರೆ ಶಿವನಿಗೆ ಮುಖ ತೋರಿಸುವುದು ಹೇಗೆ ಎನ್ನುವುದೊಂದೇ ಆ ಜೀವದ ಚಿಂತೆಯಾಗಿತ್ತು.

"ಇನ್ನು ನಾಲ್ಕು ಸಾವಿರ ಬಾಕಿ ನಾಯನಾ. ಬೀಜ ಎಣಿಸಿದೀನಿ," ಎಂದರು ದೊಡ್ಡವೆಂಕಟಮ್ಮ.

ಮೇಷ್ಟ್ರು ನಕ್ಕರು. ಕ್ಲಾಸಿನಲ್ಲಿ ನಗುವ ನಗು ಅದು. "ಅಮ್ಮಾ, ಹನ್ನೆರಡು ಗ್ರಾಂ ಇದ್ದಿಲು ತಗೋ. ಅದರಲ್ಲಿ ಎಷ್ಟು ಪರಮಾಣು ಇವೆ ಗೊತ್ತೇನು? ಆರು ಬರೆದು ಅದರ ಮುಂದೆ ಇಪ್ಪತ್ತಮೂರು ಸೊನ್ನೆ ಹಾಕಬೇಕು."

"ಅಯ್ಯೋ ಶಿವನೇ. ಅಷ್ಟೊಂದು ಎಣಿಸಿದ ಪುಣ್ಯಾತ್ಮ ಯಾರೋ?"

"ಯಾರೂ ಎಣಿಸಿಲ್ಲಮ್ಮ. ಒಂದರ ತೂಕ ಗೊತ್ತಿದ್ರೆ, ರಾಶಿ ತೂಗಿ ಸಂಖ್ಯೆ ಹೇಳಬಹುದು."

"ಎಣಿಸದೆ ಹೇಳಿದ್ದನ್ನ ದೇವರು ನಂಬ್ತಾನೇನೋ?"

ಈ ಪ್ರಶ್ನೆಗೆ ಪಠ್ಯಪುಸ್ತಕದಲ್ಲಿ ಉತ್ತರವಿರಲಿಲ್ಲವಾದ್ದರಿಂದ ಮೇಷ್ಟ್ರು ತಕ್ಕಡಿ ಬಿಚ್ಚಿದರು. ರಾಶಿಯ ಮೇಲಿನಿಂದ ನೂರು ಬತ್ತಿ ಎತ್ತಿ ತೂಗಿದರು. ಸರಿಯಾಗಿ ಕಾಲು ತೊಲ. ಹಾಗಾದರೆ ಲಕ್ಷಕ್ಕೆ ಇನ್ನೂರೈವತ್ತು ತೊಲ. ಇಡೀ ರಾಶಿಯನ್ನು ಹಿಡಿ ಹಿಡಿಯಾಗಿ ತೂಗಿ ಕೂಡಿದರೆ ಇನ್ನೂರ ತೊಂಬತ್ತು!

"ನೋಡಿದ್ಯೇನಮ್ಮಾ? ಲಕ್ಷದ ಹದಿನಾರು ಸಾವಿರ ಇವೆ. ನಿನ್ನ ಬೀಜದ ಲೆಕ್ಕ ತಪ್ಪು."

ದೊಡ್ಡವೆಂಕಟಮ್ಮನವರ ಮುಖ ಬಾಡಿತು. "ಅಷ್ಟೊಂದು ತಪ್ಪಿದ್ನೇನೋ? ವಯಸ್ಸಾಯ್ತು ಬಿಡು," ಎಂದು ಗಡಿಗೆಯನ್ನು ಪಕ್ಕಕ್ಕೆ ತಳ್ಳಿದರು. ಶ್ಯಾಮಲಮ್ಮ ಅದನ್ನು ಮತ್ತೆ ಹತ್ತಿರಕ್ಕೆ ಎಳೆದಿಟ್ಟಳು. "ರೀ, ಇನ್ನೊಂದ್ಸಲ ನೋಡಿ. ಅತ್ತೆ ತಪ್ಪೋರಲ್ಲ," ಎಂದಳು.

"ನೀನು ಸುಮ್ನಿರೇ. ತಕ್ಕಡಿಗೆ ಅತ್ತೆ ಸೊಸೆ ಅಂತ ಪಕ್ಷಪಾತ ಇಲ್ಲ."

ಅಲ್ಲಿಗೇ ನಿಲ್ಲಿಸಿದ್ದರೆ ಕಥೆ ಮುಗಿಯುತ್ತಿತ್ತು. ಗ್ರಹಚಾರ, ಅದೇ ಹೊತ್ತಿಗೆ ಕಂಬಳಿ ನೇಯುವ ಆಂಜಿನಪ್ಪ ಬಾಗಿಲಿಗೆ ಬಂದು, ಕಂಬಳಿಗೆ ಗಂಜಿ ಹಾಕಲು ಹುಣಸೆ ಬೀಜ ಇದ್ದರೆ ಕೊಡಿ ಎಂದ. ವಿಜ್ಞಾನ ಗೆದ್ದ ಸಂಭ್ರಮದಲ್ಲಿ ಮೇಷ್ಟ್ರು ಗಡಿಗೆಯನ್ನೇ ಅವನ ಚೀಲಕ್ಕೆ ಬೋರಲು ಹಾಕಿದರು. ಆಮೇಲೆ, ಹರಕೆ ಲಕ್ಷಕ್ಕೆ ತಾನೇ, ಮಿಕ್ಕದ್ದು ದೇವರದಲ್ಲವಲ್ಲ ಎಂದು ನಲವತ್ತು ತೊಲ ಬತ್ತಿ ಗಂಟು ಕಟ್ಟಿ, ಮನೆಯವರಿಗೆ ಹೇಳದೆ ಚನ್ನರಾಯಪ್ಪನವರಿಗೆ ಒಯ್ದು ಕೊಟ್ಟರು. ಹೆಡ್ ಮೇಷ್ಟ್ರಿಗೆ ಕುತ್ತಿಗೆ ನೋವು, ಮೆತ್ತನೆಯ ದಿಂಬಿಗೆ ಒಳ್ಳೆ ಹತ್ತಿ ಹುಡುಕುತ್ತಿದ್ದರು. ನಮ್ಮ ಮೇಷ್ಟ್ರ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ ಎನ್ನುವುದನ್ನೂ ಇಲ್ಲಿ ಹೇಳಿಬಿಡುವುದು ಒಳ್ಳೆಯದು.

ಮಂಗಳವಾರ ಬೆಳಿಗ್ಗೆ ಮೇಷ್ಟ್ರು ಬೇವಿನಕಡ್ಡಿ ಕಚ್ಚಿಕೊಂಡು, ಆ ದಿನದ ಪಾಠವನ್ನು ಎಂದಿನಂತೆ ಹಿತ್ತಿಲಲ್ಲಿ ಗಟ್ಟಿಯಾಗಿ ಒಪ್ಪಿಸಿಕೊಳ್ಳುತ್ತಿದ್ದರು. "ಹನ್ನೆರಡು ಗ್ರಾಂ ಇದ್ದಿಲು, ಮೂವತ್ತೆರಡು ಗ್ರಾಂ ಗಂಧಕ. ತೂಕ ಬೇರೆ, ಆದರೆ ಪರಮಾಣುಗಳ ಸಂಖ್ಯೆ ಒಂದೇ. ಯಾಕೆ? ಗಂಧಕದ ಒಂದೊಂದು ಪರಮಾಣುವೂ ಹೆಚ್ಚು ಭಾರ. ಆದ್ದರಿಂದ ಮಕ್ಕಳೇ, ಇದ್ದಿಲಿನ ತೂಕ ಹಿಡಿದು ಗಂಧಕದ ಲೆಕ್ಕ ಮಾಡುವವನು ಕತ್ತೆ."

ಪಾತ್ರೆ ತಿಕ್ಕುತ್ತಿದ್ದ ಶ್ಯಾಮಲಮ್ಮ ಕೈ ನಿಲ್ಲಿಸಿದಳು. "ರೀ, ಅವತ್ತು ನೀವು ತೂಗಿದ ನೂರು ಬತ್ತಿ ಯಾರು ಹೊಸೆದಿದ್ದು?"

"ಯಾರು ಹೊಸೆದ್ರೇನೇ? ಮೇಲಿದ್ದದ್ದು ತಗೊಂಡೆ."

"ಮೇಲಿದ್ದದ್ದು ನಂದು. ನಂದು ಸಣ್ಣ ಎಳೆ. ಅತ್ತೆಗೆ ಕಣ್ಣು ಕಾಣ್ಸೋಲ್ಲ, ಅವರದು ದಪ್ಪ."

ಬೇವಿನಕಡ್ಡಿ ಮೇಷ್ಟ್ರ ಬಾಯಿಂದ ಜಾರಿತು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಓಡಿಹೋಗಿ ರಾಶಿಯ ನಡುವಿನಿಂದ ನೂರು ತೆಗೆದು ತೂಗಿದರು, ಕಾಲು ತೊಲಕ್ಕಿಂತ ಎಷ್ಟೋ ಜಾಸ್ತಿ. ಅಡಿಯಿಂದ ತೆಗೆದದ್ದು ಇನ್ನೊಂದು ತೂಕ. ಅಮ್ಮನ ಕಣ್ಣು ಮಬ್ಬಾದ ಹಾಗೆಲ್ಲ ಬತ್ತಿ ದಪ್ಪವಾಗುತ್ತ ಬಂದಿತ್ತು. ಒಂದೇ ರಾಶಿಯಲ್ಲಿ ಇದ್ದಿಲು, ಗಂಧಕ, ಕಬ್ಬಿಣ, ಸೀಸ ಎಲ್ಲ ಬೆರೆತಿತ್ತು. ಅಮ್ಮನ ಲೆಕ್ಕ ಸರಿಯಾಗಿತ್ತು.

ಮೊದಲು ಆಂಜಿನಪ್ಪನ ಮನೆಗೆ ಓಡಿದರು. "ಆ ಬೀಜವಾ ಸ್ವಾಮಿ? ಆವತ್ತೇ ಅರೆದು ಗಂಜಿ ಮಾಡ್ದೆ. ಬೊಂಬಾಟಾಗಿತ್ತು," ಎಂದು ಆತ ಬಿಸಿಲಿಗೆ ಹಾಕಿದ್ದ ಕಂಬಳಿ ತೋರಿಸಿದ. ಅಮ್ಮನ ಅಷ್ಟು ವರ್ಷದ ಲೆಕ್ಕ ಕಂಬಳಿಯ ಮೇಲೆ ಒಣಗುತ್ತಿತ್ತು.

ಅಲ್ಲಿಂದ ಹೆಡ್ ಮೇಷ್ಟ್ರ ಮನೆ. ಚನ್ನರಾಯಪ್ಪನವರು ಕುತ್ತಿಗೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ತೋರಿಸಿದರು. "ಎಂಥಾ ಹತ್ತಿ ಕಣಯ್ಯಾ ಅದು. ಮೂರು ತಿಂಗಳಿಂದ ಇಲ್ಲದ ನಿದ್ದೆ ಬಂತು. ಅದರಲ್ಲೇನೋ ದೈವಶಕ್ತಿ ಇದೆ."

"ಇದೆ ಸಾರ್," ಎಂದರು ಮೇಷ್ಟ್ರು ಕ್ಷೀಣವಾಗಿ, ಗಂಟಿನ ಮಾತೆತ್ತದೆ ವಾಪಸು ಬಂದರು.

ಮನೆಗೆ ಬಂದು ಅಮ್ಮನ ಕಾಲ ಬಳಿ ಕೂತು ಎಲ್ಲಾ ಹೇಳಿದರು. ದೊಡ್ಡವೆಂಕಟಮ್ಮ ಮೆಲ್ಲಗೆ, "ನನ್ನ ಲೆಕ್ಕ ಸರಿಯಾಗೇ ಇತ್ತಾ ಹಾಗಾದ್ರೆ?" ಎಂದರು.

"ಸರಿಯಾಗೇ ಇತ್ತಮ್ಮ."

ಆ ಮುಖ ಅರಳಿದ್ದು ನೋಡಿ ಮೇಷ್ಟ್ರ ಕಣ್ಣು ತುಂಬಿತು. "ದಿಂಬು ಬಿಚ್ಚಿ ತರ್ತೀನಮ್ಮಾ, ನೌಕರಿ ಹೋದ್ರೆ ಹೋಗ್ಲಿ," ಎಂದರು.

"ಬೇಡ. ಇನ್ನೊಬ್ಬರು ತಲೆ ಇಟ್ಟಿದ್ದನ್ನ ಶಿವನಿಗೆ ಹೆಂಗೋ ಕೊಡ್ಲಿ? ಇರೋದನ್ನ ಎಣಿಸು. ಕಮ್ಮಿ ಬಿದ್ದದ್ದು ಹೊಸಿ. ಬೀಜ ಇಟ್ಕೊಂಡು ಎಣಿಸು."

ಬೀಜ ಎಲ್ಲಿದೆ? ಬೀಜ ಬೇಕಾದರೆ ಹುಣಸೆಹಣ್ಣು ಬಿಡಿಸಬೇಕು. ಬಿಡಿಸಿದ ಹಣ್ಣನ್ನು ದಂಡ ಮಾಡಲು ಶ್ಯಾಮಲಮ್ಮ ಒಪ್ಪಲಿಲ್ಲ. ಹೀಗಾಗಿ ಆ ಮನೆಯಲ್ಲಿ ಹೊತ್ತುಹೊತ್ತಿಗೂ ಹುಳಿ ಗೊಜ್ಜು, ಹುಳಿ ಸಾರು, ಮುದ್ದೆಗೂ ಹುಣಸೆ ತೊಕ್ಕು. ಹುಳಿ ತಿಂದು ಜುಮ್ಮೆನ್ನುತ್ತಿದ್ದ ಹಲ್ಲಿನಲ್ಲಿ ಮೇಷ್ಟ್ರಿಗೆ ಕ್ಲಾಸಿನಲ್ಲಿ 'ಸೋಡಿಯಂ' ಎನ್ನುವುದೇ ಕಷ್ಟವಾಯಿತು. ಎಣಿಸಿ ಮುಗಿಸುವ ಹೊತ್ತಿಗೆ ಸಿಕ್ಕಿದ್ದು ಎಂಬತ್ತಮೂರು ಸಾವಿರ. ಉಳಿದದ್ದನ್ನು ಮೂವರೂ ಕೂತು ಹೊಸೆದರು. ಮೇಷ್ಟ್ರು ತೊಡೆಯ ಮೇಲೆ ಹೊಸೆದ ಮೊದಲ ಬತ್ತಿಯನ್ನು ಎತ್ತಿ ಹಿಡಿದು ಹೆಂಡತಿ, "ಇದು ಬತ್ತಿಯೋ, ದನ ಕಟ್ಟೋ ಹಗ್ಗವೋ?" ಎಂದು ಕೇಳಿದಳು.

ಕಡೇ ಸೋಮವಾರ ಸಂಜೆ ಲಕ್ಷ ಬತ್ತಿಯೂ ಈಶ್ವರನ ಮುಂದೆ ಧಗಧಗ ಉರಿಯಿತು. ದೊಡ್ಡವೆಂಕಟಮ್ಮ ಕಣ್ಣೊರೆಸಿಕೊಂಡು, ಗುಡಿಯ ಜಗಲಿಯ ಮೇಲೆ ಮಗನನ್ನು ಪಕ್ಕಕ್ಕೆ ಕೂರಿಸಿಕೊಂಡು ತಲೆ ಸವರಿದರು.

"ಇಷ್ಟು ವರ್ಷ ನಂಗೊಂದು ಅನುಮಾನ ಇತ್ತು ನಾಯನಾ. ನೀನೇ ಓದಿ ಪಾಸಾದ್ಯೋ, ಶಿವ ಪಾಸು ಮಾಡ್ಸಿದ್ನೋ ಅಂತ. ಈಗ ಅನುಮಾನ ತೀರ್ತು."

ಮೇಷ್ಟ್ರು ತಲೆ ತಗ್ಗಿಸಿದರು.

"ಈಗ ಒಳಗೆ ಕೈ ಮುಗಿಯುವಾಗ ಇನ್ನೊಂದು ಲಕ್ಷ ಹೊತ್ಕೊಂಡೆ ಕಣೋ."

"ಇನ್ನು ಯಾರಿಗಮ್ಮಾ?"

"ನಿನ್ನ ಹತ್ರ ಕೆಮಿಸ್ಟ್ರಿ ಕಲೀತಾವಲ್ಲ, ಆ ಹುಡುಗ್ರಿಗೆ. ಪಾಪ, ಅವೂ ಪಾಸಾಗಬೇಕಲ್ಲ."