ಡಾಕ್ಟರ್ ಅಂಕಲ್ ಕಾರಿನ ಸೊಟ್ಟ ಕಾಲು

ಹಳೇ ಕಾರಿನ ಸಹವಾಸ ಮಾಡಿದವರ ಮನೆಯಲ್ಲಿ ಏನಾದರೊಂದು ನಡೆಯುತ್ತಲೇ ಇರುತ್ತೆ. ನಮ್ಮ ಮನೆಯಲ್ಲಂತೂ ಒಂದು ವರ್ಷ ಪೂರ್ತಿ ನಡೆಯಿತು. ಕಾರು ನಮ್ಮದಲ್ಲ ಅನ್ನೋದು ಬೇರೆ ಮಾತು.

ಆಗಿನ್ನೂ ತೊಂಬತ್ತರ ದಶಕ ಮುಗಿಯುತ್ತಿತ್ತು. ಡಾಲಸ್ ಪಕ್ಕದ ಯೂಲೆಸ್‌ನಲ್ಲಿ ನಮ್ಮ ಬಾಡಿಗೆ ಮನೆ. ಗಂಡನಿಗೆ ಸಾಫ್ಟ್‌ವೇರ್ ಕೆಲಸ. ನಾನು ಮೈಸೂರಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ಕಾರಿನ ಸಸ್ಪೆನ್ಷನ್, ಅಂದರೆ ಚಕ್ರ ಹಿಡಿದಿಡೋ ತೋಳು-ಸ್ಪ್ರಿಂಗುಗಳ ಮೇಲೆ ಪ್ರಾಜೆಕ್ಟ್ ಮಾಡಿ, ಮದುವೆಯಾಗಿ ಬಂದವಳು. ನನ್ನ ವೀಸಾದಲ್ಲಿ ಕೆಲಸಕ್ಕೆ ಹೋಗುವ ಹಾಗಿರಲಿಲ್ಲ. ಮಧ್ಯಾಹ್ನ ಹಿತ್ತಲ ಮೆಟ್ಟಿಲ ಮೇಲೆ ಕೂತರೆ ತಲೆ ಮೇಲೆ ವಿಮಾನಗಳು ಏರ್‌ಪೋರ್ಟಿಗೆ ಇಳಿಯುತ್ತಿದ್ದವು. ಆ ಬಿಸಿಲಲ್ಲಿ ಅವು ಹಾರುತ್ತಿವೆ ಅನ್ನಿಸುತ್ತಿರಲಿಲ್ಲ, ಬೆಳ್ಳನೆ ಮೀನುಗಳ ಹಾಗೆ ತೇಲುತ್ತಿದ್ದವು. ಹೊಟ್ಟೆಯಿಂದ ಚಕ್ರ ಹೊರಗೆ ಬಂದು ಮಡಚಿಕೊಂಡಿದ್ದ ಕಾಲು ನಿಧಾನಕ್ಕೆ ನೆಟ್ಟಗಾಗೋದನ್ನ ನೋಡುತ್ತಾ ಕೂತರೆ ಒಲೆ ಮೇಲಿನ ಸಾರು ಕೂಡ ಮರೆತು ಹೋಗುತ್ತಿತ್ತು.

ಪಕ್ಕದ ಮನೆಯಲ್ಲಿ ಒಬ್ಬ ಅಮೆರಿಕನ್ ಅಜ್ಜ ಇದ್ದರು. ವಿಮಾನ ರಿಪೇರಿ ಮಾಡಿ ರಿಟೈರ್ ಆದವರು. ಅವರ ಗರಾಜಿನಲ್ಲಿ ಇಲ್ಲದ ಸ್ಪ್ಯಾನರ್ ಇಲ್ಲ. ನಾನು ಬೇಲಿ ಪಕ್ಕ ನಿಂತು ನೋಡೋಳು, ಆಮೇಲೆ ಒಳಗೆ ಹೋಗಿ ನೋಡೋಳು, ಕೊನೆಗೆ ಗ್ರೀಸ್ ಬಳಿಯೋಳೂ ಆದೆ. ಸಂಬಳ ತಗೊಂಡರೆ ಕಾನೂನು ಪ್ರಕಾರ ತಪ್ಪು, ನಿಂಬೆ ಶರಬತ್ತು ತಗೊಂಡರೆ ತಪ್ಪಲ್ಲ ಅಂತ ನಾವಿಬ್ಬರೂ ತೀರ್ಮಾನ ಮಾಡಿಕೊಂಡಿದ್ದೆವು.

ಪೈಲ್ವಾನ ಬಂದದ್ದು

ಆ ವರ್ಷದ ಯುಗಾದಿಗೆ ಹ್ಯೂಸ್ಟನ್ ಕಡೆಯ ಶುಗರ್ ಲ್ಯಾಂಡಿನಿಂದ ಡಾಕ್ಟರ್ ಅಂಕಲ್ ಮತ್ತು ಆಂಟಿ ನಮ್ಮ ಮನೆಗೆ ಬಂದರು. ಅಂಕಲ್ ಧಾರವಾಡದವರು, ಮೂಳೆ ಡಾಕ್ಟರ್, ನನ್ನ ಗಂಡನಿಗೆ ದೂರದ ನೆಂಟರು. ಬಂದದ್ದು ಅರವತ್ತರ ದಶಕದ ಒಂದು ಕಡುನೀಲಿ ಕಾರಿನಲ್ಲಿ. ಎರಡೇ ಬಾಗಿಲು, ಉದ್ದ ಮೂತಿ, ಗುಡುಗುವ ಇಂಜಿನ್. ಇಲ್ಲಿ ಅದಕ್ಕೆ ಮಸಲ್ ಕಾರ್, ಅಂದರೆ ಪೈಲ್ವಾನ ಕಾರು ಅಂತಾರೆ. ಸದ್ದು ಕೇಳಿ ಪಕ್ಕದ ಮನೆ ಅಜ್ಜ ಚಪ್ಪಲಿ ಹಾಕಿಕೊಳ್ಳದೆ ಓಡಿ ಬಂದರು.

ಅಂಕಲ್ ಇಳಿದು ಎರಡೂ ಕೈ ಕೊಡವಿಕೊಂಡರು. "ನಾ ಒಂದು ಕಡೆ ತಿರುಗಿಸಿದ್ರ ಅದು ಕೂತು ವಿಚಾರ ಮಾಡಿ ಇನ್ನೊಂದು ಕಡೆ ಹೋಗತದವಾ," ಅಂದರು.

"ಹಳೇ ಕಾರುಗಳೇ ಹಾಗೆ. ಅದು ಅವುಗಳ ಸ್ವಭಾವ," ಅಂದರು ಅಜ್ಜ, ನಾನು ಅದನ್ನು ಇಂಗ್ಲಿಷಿನಲ್ಲಿ ತಿಳಿಸಿದ ಮೇಲೆ.

ನಾನು ಕೆಳಗೆ ತೂರಿ ನೋಡಿದೆ. ಎದೆ ಪೈಲ್ವಾನನದು, ಮೊಣಕಾಲು ಮುದುಕಿಯದು. ಕಾರು ತಿರುವಿನಲ್ಲಿ ಒಂದು ಮಗ್ಗುಲಿಗೆ ವಾಲಿದಾಗ, ಭಾರ ಹೊತ್ತ ಹೊರಗಿನ ಚಕ್ರದ ತಲೆ ಒಳಕ್ಕೆ ಬಾಗಬೇಕು, ಆಗ ಟಯರು ಪೂರ್ತಿ ರಸ್ತೆಗೆ ಊರುತ್ತೆ. ಇದರಲ್ಲಿ ತಲೆ ಹೊರಕ್ಕೆ ಬಾಗುತ್ತಿತ್ತು, ಟಯರು ಅಂಚಿನ ಮೇಲೆ ನಡೆಯುತ್ತಿತ್ತು. ಚಕ್ರವನ್ನು ಹಿಡಿದಿರುವ ಮೇಲಿನ ತೋಳಿನ ಬುಡವನ್ನು ಒಂದು ಇಂಚು ಕೆಳಗಿಳಿಸಿದರೆ ಸರಿಹೋಗುತ್ತೆ ಅಂತ ವಿವರಿಸಿದೆ. ಅಂಕಲ್‌ಗೆ ಅರೆಕ್ಷಣದಲ್ಲಿ ಹೊಳೆಯಿತು.

"ಅಂದ್ರ ಸೊಟ್ಟಗಾಲು! ಇಷ್ಟು ಸರಳ ಅದ ಏನು!"

ಆಂಟಿ ಕಾರಿನಿಂದ ತಮ್ಮ ಬ್ಯಾಗು ಇಳಿಸಿಕೊಂಡರು. "ಮೂವತ್ತು ವರ್ಷ ಊರ ಮಂದಿ ಕಾಲು ನೆಟ್ಟಗ ಮಾಡ್ಯಾರ. ಮನ್ಯಾಗಿಂದು ಕಣ್ಣಿಗೆ ಬಿದ್ದಿಲ್ಲ. ಕೇಳವಾ, ಮುಂದಿನ ಯುಗಾದಿಯೊಳಗ ಇದು ನೆಟ್ಟಗ ನಡೀಲಿಲ್ಲಂದ್ರ ಮಾರೂದ."

ಅಂಕಲ್ ಮುಖ ನೋಡಿದೆ. ಯಾರೋ ಅವರ ಕಾಲನ್ನೇ ಕತ್ತರಿಸ್ತೀನಿ ಅಂದ ಹಾಗಿತ್ತು. ಕಾರು ಯೂಲೆಸ್‌ನಲ್ಲೇ ಉಳಿಯಿತು. ವಾಪಸ್ ಹೋಗೋಕೆ ಅವರಿಗೆ ಬಾಡಿಗೆ ಕಾರು ಸಿಕ್ಕಿತು. ಅದರಲ್ಲಿ ಕೂತ ಕೂಡಲೇ ಆಂಟಿ, "ಇದನ್ನ ತಗೊಂಡು ಅದನ್ನ ಬಾಡಿಗಿ ಕಂಪನಿಯವರಿಗೆ ಕೊಡಲಿಕ್ಕೆ ಬರೂದಿಲ್ಲೇನು?" ಅಂತ ಕೇಳಿದರಂತೆ.

ಊಟದ ಮೇಜು

ಡ್ರಿಲ್ ಹಿಡಿಯೋ ಮೊದಲು ನನಗೆ ಖಾತ್ರಿ ಬೇಕಿತ್ತು. ತೋಳು ಕೂರಿಸೋ ಹೊಸ ತೂತು ಒಂದು ಸಲ ಕೊರೆದರೆ ಮುಗೀತು, ತಪ್ಪಾಯ್ತು ಅಂತ ಅಳಿಸೋಕಾಗಲ್ಲ. ಅವತ್ತು ಮಧ್ಯಾಹ್ನವೆಲ್ಲ ಚಪಾತಿ ಲಟ್ಟಿಸುತ್ತಾ ಯೋಚಿಸಿದೆ. ಲಟ್ಟಣಿಗೆ ಈ ಕಡೆ ವಾಲಿದರೆ ಚಪಾತಿ ಆ ಕಡೆ ದಪ್ಪ. ಕಿಟಕಿಯಲ್ಲಿ ಬೆಳಕು ಹಳದಿ ತಿರುಗುತ್ತಿತ್ತು, ನನ್ನ ತಲೆಯೊಳಗೆ ಒಂದು ನೀಲಿ ಕಾರು ಯಾವುದೋ ಕೊನೆಯಿಲ್ಲದ ತಿರುವಿನಲ್ಲಿ ಸದ್ದಿಲ್ಲದೆ ಜಾರುತ್ತಿತ್ತು. ಎಚ್ಚರವಾದಾಗ ಒಂದು ಚಪಾತಿ ಇಡೀ ಮಣೆ ದಾಟಿ ಕಟ್ಟೆ ಮೇಲೆ ಹರಡಿತ್ತು.

ಅದನ್ನು ಬಿಟ್ಟು ರಟ್ಟು ಕತ್ತರಿಸಿದೆ. ಪೊರಕೆ ಕಡ್ಡಿ ತೋಳಾಯಿತು, ಗುಂಡುಪಿನ್ನು ಕೀಲಾಯಿತು. ಊಟದ ಮೇಜಿನ ಮೇಲೆ ಕಾರಿನ ಮುಂಭಾಗ ಎದ್ದು ನಿಂತಿತು. ರಟ್ಟನ್ನು ವಾಲಿಸಿದರೆ ಚಕ್ರದ ತಲೆ ಚೆಂದವಾಗಿ ಒಳಕ್ಕೆ ಬಾಗುತ್ತಿತ್ತು. ನೋಡಿದಷ್ಟೂ ಸಾಲದು.

ಗಂಡ ಆಫೀಸಿನಿಂದ ಬಂದು, ಕೈಕಾಲು ತೊಳೆದು, ಮೇಜಿನ ಮುಂದೆ ಕೂತರು.

"ನನ್ನ ತಟ್ಟೆ ಎಲ್ಲಿ?"

"ಅದು ಬಲಗಡೆ ಚಕ್ರ. ಮುಟ್ಟಬೇಡಿ, ಅಳತೆ ಹೋಗುತ್ತೆ."

ಅವರು ಮೇಜನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. "ಸರಿ, ಎಡಗಡೆ ಚಕ್ರದಲ್ಲಿ ಬಡಿಸು."

ಖಾಲಿ ಹೊಟ್ಟೆ

ಅಜ್ಜ ತೂತು ಕೊರೆದರು, ನಾನು ಅಳತೆ ಹಿಡಿದೆ. ಶನಿವಾರ ಭಾನುವಾರ ಅಂತ ಕೆಲಸ ತಿಂಗಳುಗಟ್ಟಲೆ ಎಳೆಯಿತು. ಅಂಕಲ್ ಶುಗರ್ ಲ್ಯಾಂಡಿನಿಂದ ಫೋನ್ ಮಾಡಿ, "ಪೇಶಂಟ್ ಹೆಂಗದ? ಎದ್ದು ಕೂತದೇನು?" ಅಂತ ಕೇಳೋರು. ಆಸ್ಪತ್ರೆಯಲ್ಲಿ ಪೇಶಂಟಿನ ಕಡೆಯವರು ತಮ್ಮನ್ನು ಹೇಗೆ ಪೀಡಿಸುತ್ತಾರೋ ಹಾಗೇ ನನ್ನನ್ನು ಪೀಡಿಸಿದರು.

ಇನ್ನೊಂದು ಕೆಲಸ ಉಳಿದಿತ್ತು. ಸೈಕಲ್ಲಿನ ಮುಂದಿನ ಫೋರ್ಕು ಸ್ವಲ್ಪ ಓರೆಯಾಗಿರುತ್ತಲ್ಲ, ಅದಕ್ಕೇ ಕೈಬಿಟ್ಟರೂ ಸೈಕಲ್ ನೆಟ್ಟಗೆ ಹೋಗೋದು. ಕಾರಿನಲ್ಲಿ ಆ ಓರೆಗೆ ಕ್ಯಾಸ್ಟರ್ ಅಂತಾರೆ. ಈ ಕಾರಿನಲ್ಲಿ ಅದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅದನ್ನು ಹೆಚ್ಚಿಸಿದ ದಿನ ಫೋನ್ ಮಾಡಿದರೆ ಆಂಟಿ ಎತ್ತಿಕೊಂಡರು. ಅಂಕಲ್ ಆಪರೇಷನ್‌ನಲ್ಲಿದ್ದರು.

"ಅಂಕಲ್‌ಗೆ ಹೇಳಿಬಿಡಿ ಆಂಟಿ. ಕ್ಯಾಸ್ಟರ್ ಸಾಲದೇ ಇಷ್ಟೆಲ್ಲಾ ತೊಂದರೆ ಆಗಿದ್ದು. ಚೆನ್ನಾಗಿ ಕೊಟ್ಟಿದ್ದೀವಿ. ಇನ್ನು ತಾನಾಗೇ ಸಲೀಸಾಗುತ್ತೆ."

ಆಂಟಿ ದನಿ ತಗ್ಗಿಸಿ ಕೇಳಿದರು: "ನಿನ್ನ ಗಂಡಗ ಏನು? ಪಾಪ. ಹರಳೆಣ್ಣಿ ಮುಂಜಾನೆ ಖಾಲಿ ಹೊಟ್ಟಿಲೆ ಕೊಟ್ಟಿಯಿಲ್ಲೋ?"

ಸೆಕೆಂಡ್ ಒಪಿನಿಯನ್

ಕಾರು ಶುಗರ್ ಲ್ಯಾಂಡಿಗೆ ಹೋಯಿತು. ಅಂಕಲ್ ದಾರಿಯುದ್ದಕ್ಕೂ ಬೆಣ್ಣೆ ಮೇಲೆ ಹೋದ ಹಾಗಾಯ್ತು ಅಂದರು. ಆದರೆ ಕೆಲವು ದಿನಕ್ಕೆ ಮತ್ತೆ ಫೋನ್. "ಯಾಕೋ ತಿರುಗಿ ಹಳೇ ಚಾಳಿ ಸುರು ಮಾಡ್ಯದವಾ."

ನಾನು ಎಲ್ಲಿ ತಪ್ಪಿದೆ ಅಂತ ಗೊತ್ತಾಗಲಿಲ್ಲ. "ಯಾರಾದರೂ ಕೈ ಹಾಕಿದ್ರಾ ಅಂಕಲ್?"

"ಇಲ್ಲೇ ವ್ಹೀಲ್ ಅಲೈನ್‌ಮೆಂಟ್ ಮಾಡೋ ಹುಡುಗನ ಕಡೆ ತೋರಿಸಿದ್ದೆ. ನಾವು ಡಾಕ್ಟರ್ ಮಂದಿ ನೋಡವಾ, ಸೆಕೆಂಡ್ ಒಪಿನಿಯನ್ ಇಲ್ಲದ ಆಪರೇಷನ್ ಮಾಡೂದಿಲ್ಲ."

"ಅಂಕಲ್, ಆಪರೇಷನ್ ಆದಮೇಲೆ ಯಾರೂ ಸೆಕೆಂಡ್ ಒಪಿನಿಯನ್ ತಗೊಳಲ್ಲ!"

ಶನಿವಾರ ಗಂಡನನ್ನು ಹೊರಡಿಸಿಕೊಂಡು ಹೋದೆ. ಅಂಗಡಿಯವನ ಮೆಷಿನ್ನಿನಲ್ಲಿ ಆ ಕಾಲದ ಟಯರಿಗೆ, ಆ ಕಾಲದ ಕಂಪನಿ ಹೇಳಿದ್ದ ಅಳತೆ ಇತ್ತು. ನಮ್ಮದು ಈಗಿನ ಟಯರಿಗೆ ಹೊಂದಿಸಿದ್ದು. ಅಳತೆ ತಪ್ಪಿದೆ ಅಂತ ಪರದೆ ಕೆಂಪಾದದ್ದು ಕಂಡು ಹೆದರಿ, ಪಾಪ, ಎಲ್ಲವನ್ನೂ ಹಸಿರು ಮಾಡಿ ಕಳಿಸಿದ್ದ. ನಾನು ಹೇಳಿದ ಹಾಗೆ ಮತ್ತೆ ತಿರುಗಿಸಿದ. ಒಂದೊಂದಾಗಿ ಎಲ್ಲ ಅಂಕಿ ಕೆಂಪಾದವು. ಅವನು ಸ್ಪ್ಯಾನರ್ ಕೆಳಗಿಟ್ಟ.

"ಮೇಡಂ, ಪೂರ್ತಿ ಕೆಂಪು. ಹೀಗೆ ಹೇಗೆ ಬಿಡೋದು?"

ಅಂಕಲ್ ಅವನ ಭುಜ ತಟ್ಟಿದರು. "ಗಾಬರಿ ಆಗಬ್ಯಾಡಪ್ಪ. ನಮ್ಮ ಕಡೆ ಕೆಂಪು ಬಹಳ ಶುಭ," ಅಂತ ಇಂಗ್ಲಿಷಿನಲ್ಲಿ ಸಮಾಧಾನ ಹೇಳಿದರು. ಅವನು ಕೆಂಪು ಪರದೆಗೆ ಒಂದು ನಮಸ್ಕಾರ ಹಾಕಿ ಕಾರು ಬಿಟ್ಟುಕೊಟ್ಟ.

ಆಸ್ಟಿನ್ ದಾರಿ

ಮತ್ತೆ ಯುಗಾದಿ ಬಂತು. ಆಂಟಿ ಕೊಟ್ಟ ವಾಯಿದೆಯೂ ಬಂತು. ಪರೀಕ್ಷೆಗೆ ಆಸ್ಟಿನ್ ಪಶ್ಚಿಮದ ಗುಡ್ಡದ ರಸ್ತೆಯನ್ನೇ ಅಂಕಲ್ ಆರಿಸಿದರು. ಅಲ್ಲಿ ತಿರುವು ಬಿಟ್ಟರೆ ಬೇರೇನೂ ಇಲ್ಲ. ಮುಂದೆ ಅವರಿಬ್ಬರು, ಹಿಂದಿನ ಚಿಕ್ಕ ಸೀಟಿನಲ್ಲಿ ಮೊಣಕಾಲು ಮಡಚಿಕೊಂಡು ನಾನೂ ನನ್ನ ಗಂಡನೂ.

ಆ ಕಾರಿನಲ್ಲಿ ಕೂತರೆ ಆಂಟಿ ವಿಷ್ಣು ಸಹಸ್ರನಾಮ ಹೇಳುತ್ತಿದ್ದರು. ನೆಟ್ಟಗಿನ ರಸ್ತೆಯಲ್ಲಿ ತುಟಿಯೊಳಗೆ, ಲಾರಿ ಪಕ್ಕ ಬಂದರೆ ಮೆಲ್ಲಗೆ, ತಿರುವಿನಲ್ಲಿ ಗಟ್ಟಿಯಾಗಿ. ಅಂಕಲ್ ಸ್ಪೀಡೋಮೀಟರ್ ನೋಡುವುದನ್ನು ಬಿಟ್ಟು ವರ್ಷಗಳಾಗಿದ್ದವು. ಹೆಂಡತಿಯ ದನಿ ಕೇಳಿಯೇ ಬ್ರೇಕ್ ಒತ್ತುತ್ತಿದ್ದರು.

ಅವತ್ತು ಆಸ್ಟಿನ್ ದಾಟುವ ತನಕ ತುಟಿ ಆಡುತ್ತಿತ್ತು. ಗುಡ್ಡ ಶುರುವಾಯಿತು. ರಸ್ತೆಯ ಎರಡೂ ಬದಿಗೆ ನೀಲಿ ಹೂವು, ಆಕಾಶವೇ ಇಳಿದು ಹುಲ್ಲಿನ ಮೇಲೆ ಒರಗಿದ ಹಾಗೆ. ಮೊದಲನೇ ತಿರುವು ಬಂತು. ಕಾರು ಸ್ವಲ್ಪವೇ ವಾಲಿತು, ಚಕ್ರ ನೆಲವನ್ನು ತಬ್ಬಿಕೊಂಡಿತು, ಮೂತಿ ಹೇಳಿದ ಕಡೆಗೆ ಹೋಯಿತು. ಮುಂದಿನದರಲ್ಲೂ ಹಾಗೇ. ನನಗೆ ಕಾರಿನಲ್ಲಿದ್ದೀನಿ ಅನ್ನೋದೇ ಮರೆತುಹೋಯಿತು. ರಟ್ಟಿನಲ್ಲಿ, ಹಿಟ್ಟಿನಲ್ಲಿ, ನಿದ್ದೆಯಲ್ಲಿ ನಾನು ಕಂಡಿದ್ದ ತಿರುವು ಇದೇ. ನನ್ನ ಕಣ್ಣು ತುಂಬಿ ಹೂವೂ ರಸ್ತೆಯೂ ಕಲಸಿಹೋದವು.

ಇದ್ದಕ್ಕಿದ್ದಂತೆ ಅಂಕಲ್ ಒಂದು ಓಕ್ ಮರದ ಕೆಳಗೆ ಕಾರು ನಿಲ್ಲಿಸಿದರು. ಮುಖ ಬಿಳಿಚಿಕೊಂಡಿತ್ತು.

"ದನಿ ಬಂದ್ ಆಗ್ಯದ," ಅಂದರು.

ನೋಡಿದರೆ ಆಂಟಿಯ ತಲೆ ಕಿಟಕಿಗೆ ಒರಗಿದೆ, ಕಣ್ಣು ಮುಚ್ಚಿದೆ, ತುಟಿ ಅಲ್ಲಾಡುತ್ತಿಲ್ಲ. ಅಂಕಲ್ ಅವರ ಕೈ ಹಿಡಿದು ನಾಡಿ ನೋಡತೊಡಗಿದರು. ಹಿಂದೆ ನಾವಿಬ್ಬರೂ ಸೀಟಿನ ಸಂದಿಯಲ್ಲಿ ತಲೆ ತೂರಿಸಿದೆವು.

ಆಂಟಿ ಒಂದೇ ಕಣ್ಣು ತೆರೆದರು. "ಯಾಕ ನಿಲ್ಸಿದ್ರಿ? ಎಷ್ಟು ಛಂದ ನಿದ್ದಿ ಹತ್ತಿತ್ತು."

"ನೀ ಸಹಸ್ರನಾಮ ನಿಲ್ಸಿದೆಲ್ಲ, ನಾ ಏನು ತಿಳ್ಕೋಬೇಕು?"

ಆಂಟಿ ಸೆರಗು ಸರಿಮಾಡಿಕೊಂಡು ಇನ್ನೊಂದು ಮಗ್ಗುಲಿಗೆ ವಾಲಿದರು. "ಇವತ್ತ ದೇವರ ನೆನಪ ಬರಲಿಲ್ಲ ನೋಡ್ರಿ. ಹೋಗ್ರಿ ಮುಂದ."

ಅಂಕಲ್ ನಿಧಾನಕ್ಕೆ ಹಿಂದೆ ತಿರುಗಿ ನನ್ನನ್ನು ನೋಡಿದರು. ಕಾರು ಉಳಿದ ಸಂತೋಷಕ್ಕೆ ಸ್ಟೀರಿಂಗನ್ನು ಒಮ್ಮೆ ಸವರಿದರು.

"ಎಂಥಾ ದೈವಭಕ್ತಳಿದ್ದಳವಾ ಈಕಿ," ಅಂದರು. "ಒಂದ ವರ್ಷದಾಗ ನಾಸ್ತಿಕಳನ್ನ ಮಾಡಿ ಇಟ್ಟಿಯಲ್ಲ!"